ಪೆಟ್ಟಿಗೆಯಲ್ಲೇ ಪುಡಿಯಾದ ಬೂಟು

ಪ್ರಶ್ನೆ: ದುಬಾರಿ ಬೂಟನ್ನು ಜೋಪಾನವಾಗಿ ಎತ್ತಿಟ್ಟಿದ್ದೆ. ಕೆಲವು ವರ್ಷ ಬಿಟ್ಟು ತೆಗೆದರೆ ಸೋಲ್ ಪುಡಿಪುಡಿ! ತೊಡದ ಬೂಟು ಹಾಳಾಗುವುದೇಕೆ?

ಉತ್ತರ: ಗಾಳಿಯ ತೇವವೇ ಅದನ್ನು ತಿಂದಿದೆ. ಹಗುರ ಬೂಟುಗಳ ಸೋಲ್ ಅನೇಕ ಸಲ ಪಾಲಿಯುರೆಥೇನ್ ನೊರೆಯದು. ಅದರಲ್ಲೂ ಪಾಲಿಯೆಸ್ಟರ್ ಬಗೆಯದಾದರೆ, ಅದರ ಉದ್ದನೆಯ ಅಣುಸರಪಳಿಯ ಎಸ್ಟರ್ ಕೊಂಡಿಗಳನ್ನು ನೀರಿನ ಅಣುಗಳು ಒಂದೊಂದಾಗಿ ಕತ್ತರಿಸುತ್ತವೆ. ಆಗ ಹುಟ್ಟುವ ಆಮ್ಲ ಆ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಸೆಕೆಯೂ ತೇವವೂ ಕೂಡುವ ಮಂಗಳೂರು, ಕಾರವಾರದಂಥ ಊರುಗಳಲ್ಲಿ ಇದು ಬೇಗ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಒಳಗಿನ ತೇವ ಅಲ್ಲೇ ಉಳಿದು ಕೇಡು ಹೆಚ್ಚುತ್ತದೆ.

ಆದ್ದರಿಂದ ಬಾಳಿಕೆ ಬೇಕೆನ್ನುವವರು ಮೇಲಿನ ಚರ್ಮಕ್ಕೆ ಮರುಳಾಗುವ ಮೊದಲು ಸೋಲ್ ಯಾವುದರದು, ಹೇಗೆ ಕೂಡಿಸಿದ್ದಾರೆ ಎಂದು ಕೇಳಬೇಕು. ರಬ್ಬರ್ ಕೂಡ ವಯಸ್ಸಾದಂತೆ ಗಡುಸಾಗಿ ಬಿರುಕು ಬಿಡುತ್ತದೆ, ಆದರೆ ಹೀಗೆ ಪುಡಿಯಾಗುವುದಿಲ್ಲ. ಹೊಲಿದು ಕೂಡಿಸಿದ ಸೋಲ್ ಸವೆದರೆ ಬಿಚ್ಚಿ ಬದಲಿಸಬಹುದು. ಅಂಥ ಬೂಟು ಭಾರ, ಬೆಲೆಯೂ ಹೆಚ್ಚು ಎಂಬ ಆಕ್ಷೇಪ ನಿಜವೇ. ದಿನವೂ ತೊಟ್ಟು ಒಂದೆರಡು ವರ್ಷದಲ್ಲಿ ಸವೆಸಿಬಿಡುವವರಿಗೆ ಪಾಲಿಯುರೆಥೇನ್ ಸಾಕು, ಕಾಲಿಗೂ ಹಿತ. ಅದು ಸಲ್ಲದಿರುವುದು ಅಪರೂಪಕ್ಕೆ ತೊಡುವ ಬೂಟಿಗೆ. ದುಃಖವೆಂದರೆ ನಾವು ಹೆಚ್ಚು ಹಣ ಸುರಿಯುವುದು ಅಂಥದ್ದಕ್ಕೇ. ನಿಮ್ಮ ಬೂಟಿನ ಮೇಲ್ಭಾಗ ಗಟ್ಟಿಯಿದ್ದರೆ ಎಸೆಯಬೇಡಿ, ರಿಪೇರಿಯವರಿಗೆ ತೋರಿಸಿ. ರಬ್ಬರ್ ಸೋಲ್ ಕೂರಿಸಲು ಆಗಬಹುದು.