ಹೈಸ್ಕೂಲಿಗೆ ಸುರಿದ ಹಣ ಕಾಲೇಜು ಸೀಟು ತಂದೀತೆ?

ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಊರಿನ ಸರ್ಕಾರಿ ಪ್ರೌಢಶಾಲೆಯೇ ಸಾಕೆ, ಇಲ್ಲ ಸಾಲ ಮಾಡಿಯಾದರೂ ಪಟ್ಟಣದ ಖಾಸಗಿ ಹೈಸ್ಕೂಲಿಗೆ ಸೇರಿಸಬೇಕೆ? ಈಗ ಖರ್ಚು ಮಾಡಿದರೆ ಮುಂದೆ ಎಂಜಿನಿಯರಿಂಗ್ ಅಥವಾ ಮೆಡಿಕಲ್ ಸೀಟು ಸುಲಭವಾಗಿ ಸಿಕ್ಕೀತು ಎಂಬುದು ತಂದೆ ತಾಯಿಯರ ಲೆಕ್ಕಾಚಾರ. ಆ ಲೆಕ್ಕವನ್ನು ಹಣ ಕಟ್ಟುವ ಮೊದಲೇ ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಸೀಟಿಗೆ ಯಾವ ಅಂಕ?

ಕರ್ನಾಟಕದಲ್ಲಿ ಸಿ.ಇ.ಟಿ. ಮೂಲಕ ಎಂಜಿನಿಯರಿಂಗ್ ಸೇರುವವರ ರ‍್ಯಾಂಕ್ ನಿರ್ಧಾರವಾಗುವುದು ಎರಡು ಅಂಕಗಳಿಂದ. ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ. ಈ ಮೂರು ವಿಷಯಗಳಲ್ಲಿ ತಲಾ 60ರಂತೆ 180 ಅಂಕಗಳ ಸಿ.ಇ.ಟಿ.ಗೆ ಇನ್ನರ್ಧ ತೂಕ. ವೈದ್ಯಕೀಯಕ್ಕೆ 720 ಅಂಕಗಳ ನೀಟ್ ಪರೀಕ್ಷೆಯ ಸ್ಥಾನವೇ ಮುಖ್ಯ. ಎರಡರ ಪಠ್ಯವೂ ಪಿ.ಯು.ಸಿ. ಹಂತದ ಎರಡು ವರ್ಷಗಳದು. ಯಾವ ಹೈಸ್ಕೂಲಿನಲ್ಲಿ ಓದಿದಿರಿ, ಎಷ್ಟು ಶುಲ್ಕ ಕಟ್ಟಿದಿರಿ ಎಂಬುದಕ್ಕೆ ಈ ರ‍್ಯಾಂಕಿನಲ್ಲಿ ಅರ್ಧ ಅಂಕವೂ ಇಲ್ಲ.

ಹಾಗಾದರೆ ಎಸ್ಸೆಸ್ಸೆಲ್ಸಿಯ 625 ಅಂಕಗಳಿಗೆ ಬೆಲೆಯಿಲ್ಲವೆ? ಇದೆ. ಒಳ್ಳೆಯ ಪಿ.ಯು. ಕಾಲೇಜಿನ ಬಾಗಿಲು ತೆರೆಯುವುದು ಆ ಅಂಕಗಳಿಂದಲೇ. ಅದನ್ನು ದಾಟಿದ ಮೇಲೆ ಅವುಗಳ ಕೆಲಸ ಬಹುಮಟ್ಟಿಗೆ ಮುಗಿಯಿತು.

ಮರೆತುಹೋಗುವ ಒಂದು ಹಕ್ಕು

ಹಳ್ಳಿಯ ಪೋಷಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಿ.ಇ.ಟಿ. ಮೂಲಕ ಹಂಚುವ ಸರ್ಕಾರಿ ಕೋಟಾದ ಸೀಟುಗಳಲ್ಲಿ ಶೇ. 15 ಗ್ರಾಮೀಣ ವಿದ್ಯಾರ್ಥಿಗಳಿಗೆ, ಶೇ. 5 ಕನ್ನಡ ಮಾಧ್ಯಮದವರಿಗೆ ಮೀಸಲು. ಮೊದಲನೆಯದಕ್ಕೆ ಒಂದರಿಂದ ಹತ್ತನೆಯ ತರಗತಿಯವರೆಗೆ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಎರಡನೆಯದಕ್ಕೆ ಆ ಹತ್ತೂ ವರ್ಷ ಕನ್ನಡದಲ್ಲಿ ಓದಿರಬೇಕು. ಏಳು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದ ಹುಡುಗಿಯನ್ನು ಎಂಟನೆಯ ತರಗತಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಎರಡೂ ಹಕ್ಕುಗಳು ಒಟ್ಟಿಗೇ ಕೈಜಾರುತ್ತವೆ. ಸೀಟಿಗಾಗಿ ಮಾಡಿದ ಖರ್ಚೇ ಸೀಟಿಗೆ ಅಡ್ಡ ಬಂದಂತಾಯಿತು! ಮೀಸಲಾತಿಗೆ ಬೇರೆ ಷರತ್ತುಗಳೂ ಇರುವುದರಿಂದ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ಮಗು ಎಂಟನೆಯ ತರಗತಿ ಸೇರುವ ಮೊದಲೇ ಓದಿಕೊಳ್ಳಬೇಕು.

ನೆರೆರಾಜ್ಯ ತಮಿಳುನಾಡು 2020ರಲ್ಲಿ ಕಾನೂನು ಮಾಡಿ, ಆರರಿಂದ ಹನ್ನೆರಡನೆಯ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ತೇರ್ಗಡೆಯಾದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ. 7.5ರಷ್ಟು ಒಳಮೀಸಲಾತಿ ಕೊಟ್ಟಿತು.

ಖಾಸಗಿಯವರೇ ಮುಂದಿದ್ದಾರಲ್ಲ?

'ಆದರೂ ಹೆಚ್ಚು ಅಂಕ ಪಡೆಯುವವರು ಖಾಸಗಿ ಶಾಲೆಯವರೇ ಅಲ್ಲವೆ?' ಎಂದು ನೀವು ಕೇಳಬಹುದು. ಆದರೆ ಅದು ಶಾಲೆಯ ಗುಣವೋ, ಅಲ್ಲಿಗೆ ಬರುವ ಮಕ್ಕಳ ಮನೆಯ ಅನುಕೂಲವೋ? ಓದಿದ ತಂದೆತಾಯಿ, ಮನೆಯಲ್ಲಿ ಪುಸ್ತಕ, ಸಂಜೆ ಟ್ಯೂಷನ್ ಇರುವ ಮಗು ಎಲ್ಲಿದ್ದರೂ ಒಂದಿಷ್ಟು ಮುಂದಿರುತ್ತದೆ.

ಇವೆರಡನ್ನೂ ಬೇರ್ಪಡಿಸಿ ನೋಡಿದ ಒಂದು ಅಧ್ಯಯನ ಅವಿಭಜಿತ ಆಂಧ್ರಪ್ರದೇಶದಲ್ಲಿ 2008ರಲ್ಲಿ ಆರಂಭವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 180 ಹಳ್ಳಿಗಳಲ್ಲಿ ಇದನ್ನು ಕೈಗೊಂಡರು. ಖಾಸಗಿ ಶಾಲೆ ಬಯಸಿ ಅರ್ಜಿ ಹಾಕಿದ ಮಕ್ಕಳ ನಡುವೆ ಲಾಟರಿ ಎತ್ತಿ, ಗೆದ್ದವರ ಶುಲ್ಕ ಭರಿಸಲಾಯಿತು. ನಾಲ್ಕು ವರ್ಷಗಳ ನಂತರ ತೆಲುಗಿನಲ್ಲಿ, ಗಣಿತದಲ್ಲಿ ಗೆದ್ದವರಿಗೂ ಸೋತವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯವರು ಸ್ಪಷ್ಟವಾಗಿ ಮುಂದಿದ್ದರು. ಖಾಸಗಿ ಶಾಲೆಗಳು ಕಡಿಮೆ ಖರ್ಚಿನಲ್ಲಿ, ತೆಲುಗು ಮತ್ತು ಗಣಿತಕ್ಕೆ ಕಡಿಮೆ ಸಮಯ ಕೊಟ್ಟೂ ಇದನ್ನು ಸಾಧಿಸಿದ್ದವು ಎಂಬುದನ್ನೂ ಹೇಳಬೇಕು. ಇದು ಪ್ರಾಥಮಿಕ ಶಾಲೆಗಳ ಮಾತು. ಹೈಸ್ಕೂಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಶಾಲೆಯ ಫಲಕ ನೋಡಿ ಅಂಕ ಊಹಿಸಬಾರದೆಂಬ ಪಾಠ ಇದರಲ್ಲಿದೆ.

ಬುನಾದಿಯ ಪ್ರಶ್ನೆ

ವಿಜ್ಞಾನದ ಮೇಷ್ಟರಾಗಿ ನಾನು ಹೇಳುವುದಿಷ್ಟು: ಹೈಸ್ಕೂಲು ಸೀಟು ಕೊಡುವುದಿಲ್ಲ, ಬುನಾದಿ ಕೊಡುತ್ತದೆ. ರಾಜ್ಯ ಪಠ್ಯಕ್ರಮದ ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳು ಎನ್.ಸಿ.ಇ.ಆರ್.ಟಿ. ಪಾಠಗಳನ್ನೇ ಆಧರಿಸಿವೆ. ವಿದ್ಯುತ್ತಿನ ಪಾಠ ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ ಒಂದೇ. ಅದನ್ನು ಮಗು ಹೇಗೆ ಕಲಿಯಿತು ಎಂಬುದರಲ್ಲಿದೆ ವ್ಯತ್ಯಾಸ.

ನಿಮ್ಮ ಮಗುವಿಗೆ ಈ ಪ್ರಶ್ನೆ ಕೇಳಿ ನೋಡಿ: 60 ವ್ಯಾಟ್ ಮತ್ತು 100 ವ್ಯಾಟ್‌ನ ಎರಡು ತಂತಿ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ 220 ವೋಲ್ಟ್ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? ಸೂತ್ರ ಉರುಹೊಡೆದವರು ಥಟ್ಟನೆ 'ನೂರು' ಎನ್ನುತ್ತಾರೆ. 60 ವ್ಯಾಟ್ ಬಲ್ಬಿನ ರೋಧ ಹೆಚ್ಚು. ಸರಣಿಯಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಒಂದೇ. ಆದ್ದರಿಂದ 60ರದ್ದೇ ಹೆಚ್ಚು ಬೆಳಗುತ್ತದೆ. ಹೀಗೆ ಯೋಚಿಸುವ ಅಭ್ಯಾಸ ಹೈಸ್ಕೂಲಿನಲ್ಲಿ ಬಿದ್ದವನಿಗೆ ಪ್ರವೇಶ ಪರೀಕ್ಷೆ ಹೊಸದೇನಲ್ಲ.

ಕನ್ನಡ ಮಾಧ್ಯಮದವರಿಗೆ ಪಿ.ಯು.ಸಿ.ಯ ಇಂಗ್ಲಿಷ್ ಮೊದಲ ಕೆಲವು ತಿಂಗಳು ಕಷ್ಟವೇ. ಒಂಬತ್ತನೆಯ ತರಗತಿಯಿಂದಲೇ ದಿನಕ್ಕೆ ಐದು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಂಡರೆ ಈ ಕಷ್ಟ ಬಹಳಷ್ಟು ಕರಗುತ್ತದೆ.

ಸೇರಿಸುವ ಮೊದಲು ಕೇಳಿ

ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನದ ಶಿಕ್ಷಕರೇ ಇಲ್ಲದಿದ್ದರೆ ಖಾಸಗಿ ಶಾಲೆ ಹುಡುಕುವುದು ತಪ್ಪಲ್ಲ. ಆದರೆ ಕಟ್ಟಡ, ಬಸ್ಸು, ಸಮವಸ್ತ್ರ ನೋಡಿ ಮರುಳಾಗಬೇಡಿ. ಗಣಿತದ ಶಿಕ್ಷಕರು ಎಷ್ಟು ವರ್ಷದಿಂದ ಇದ್ದಾರೆ? ಪ್ರಯೋಗಾಲಯದಲ್ಲಿ ಮಕ್ಕಳ ಕೈಗೆ ಉಪಕರಣ ಸಿಗುತ್ತದೆಯೆ? ಎಂಟಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಅದೇ ಶಾಲೆಯಿಂದ ಹತ್ತನೆಯ ಪರೀಕ್ಷೆ ಬರೆದರು? ದುರ್ಬಲರನ್ನು ಒಂಬತ್ತರಲ್ಲೇ ಸಾಗಹಾಕಿ 'ಶೇ. 100 ಫಲಿತಾಂಶ' ಎಂದು ಫಲಕ ಹಾಕುವುದು ಕಷ್ಟವಲ್ಲ. ಮಗು ಬಸ್ಸಿನಲ್ಲಿ ಕಳೆಯುವ ಗಂಟೆಗಳನ್ನೂ ಎಣಿಸಿ.

ಇಷ್ಟೆಲ್ಲ ನೋಡಿದ ಮೇಲೂ ಎರಡು ಶಾಲೆಗಳು ಸರಿಸಮವೆನಿಸಿದರೆ ಹತ್ತಿರದ್ದನ್ನೇ ಆರಿಸಿ, ಉಳಿದ ಹಣವನ್ನು ಪಿ.ಯು.ಸಿ.ಗೆ ಎತ್ತಿಡಿ. ಅಂಕ ನಿಜವಾಗಿ ಲೆಕ್ಕಕ್ಕೆ ಬರುವುದು ಆ ಎರಡು ವರ್ಷಗಳಲ್ಲಿ.