ಒಂಟಿ ದುಂಬಿ ಮತ್ತು ಒಕ್ಕಲಿನ ಕಡಜ

ಹಳೆಯ ಮನೆಗಳ ತೊಲೆಯಲ್ಲಿ, ಸೂರಿನ ಬಿದಿರಿನಲ್ಲಿ ಗುಂಡನೆಯ ರಂಧ್ರವೂ ಅದರ ಕೆಳಗೆ ಉದುರಿದ ಮರದ ಪುಡಿಯೂ ಕಂಡುಬರುವುದುಂಟು. ಅಲ್ಲಿಂದ ಝೇಂಕರಿಸುತ್ತ ಹೊರಬೀಳುವ ಕಾಡಿಗೆಗಪ್ಪಿನ ದಪ್ಪ ಕೀಟವನ್ನು ಕಡಜವೆಂದು ಬಗೆದು ಪೊರಕೆಯಿಂದ ಹೊಡೆದು ಕೆಡಹುವವರೇ ಹೆಚ್ಚು. ಅದು ಕಡಜವಲ್ಲ, ಮರ ಕೊರೆಯುವ ದುಂಬಿ. ಜೇನಿನ ಬಳಗಕ್ಕೆ ಸೇರಿದುದು. ಶಾಸ್ತ್ರಜ್ಞರು ಇದಕ್ಕಿತ್ತ ‘ಕ್ಸೈಲೋಕೋಪ’ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಮರಕಡಿಯುವವನೆಂದೇ ಅರ್ಥ.

ಈ ದುಂಬಿಗೆ ಹಿಂಡಿಲ್ಲ, ಆಳಿಲ್ಲ. ತಾಯಿದುಂಬಿಯೊಂದೇ ಒಣಮರದಲ್ಲಿ ದವಡೆಗಳಿಂದ ಸುರಂಗ ತೋಡುತ್ತದೆ, ಮರವನ್ನು ತಿನ್ನುವುದಿಲ್ಲ. ಪರಾಗ ಮಕರಂದಗಳನ್ನು ಕಲಸಿ ಉಂಡೆಗಟ್ಟಿ, ಅದರ ಮೇಲೊಂದು ಮೊಟ್ಟೆಯಿಟ್ಟು, ಮರದ ಪುಡಿಯಿಂದಲೇ ಅಡ್ಡಗೋಡೆಯೆಬ್ಬಿಸಿ ಮುಂದಿನ ಕೋಣೆಗೆ ತೊಡಗುತ್ತದೆ. ಮರಿ ಹೊರಬರುವ ಮೊದಲೇ ಅದರ ಬುತ್ತಿ ಸಿದ್ಧ. ಬಿಲದೆದುರು ಸುಳಿದಾಡಿ ನಮ್ಮನ್ನು ಬೆದರಿಸುವ ಶೂರ ಬಹುಮಟ್ಟಿಗೆ ಗಂಡು. ಅದಕ್ಕೆ ಕೊಂಡಿಯೇ ಇಲ್ಲ! ಹೆಣ್ಣಿಗೆ ಇದ್ದರೂ ಹಿಡಿದು ಹಿಂಸಿಸಿದಲ್ಲದೆ ಕುಟುಕುವುದು ವಿರಳ.

ಕಡಜದ ಬಾಳು ಬೇರೆ. ಹೊಟ್ಟೆಯ ಮೇಲೆ ಹಳದಿ ಪಟ್ಟಿಯುಳ್ಳ ‘ವೆಸ್ಪ ಟ್ರಾಪಿಕ’ ಎಂಬ ಕಡಜದಲ್ಲಿ, ರಾಣಿ ಆರಂಭಿಸಿದ ಗೂಡನ್ನು ಅದರ ಹೆಣ್ಣುಮಕ್ಕಳು ಬೆಳೆಸುತ್ತವೆ. ಅಗಿದ ಮರದ ನಾರೇ ಅವುಗಳ ಕಾಗದ, ಕಾಗದವೇ ಮನೆ. ಸಣ್ಣ ಕಣಜಗಳ ಗೂಡುಗಳನ್ನು ಸೂರೆಗೈದು, ಅಲ್ಲಿನ ಮರಿಗಳನ್ನು ಅಗಿದು ತಮ್ಮ ಮರಿಗಳಿಗೆ ಉಣಿಸುತ್ತವೆ. ಬದಲಿಗೆ ಆ ಮರಿಗಳು ಜಿನುಗಿಸುವ ರಸವನ್ನು ತಾವು ಹೀರುತ್ತವೆ. ಮಾಂಸವನ್ನು ಗಟ್ಟಿಯಾಗಿಯೇ ನುಂಗಲು ಅವುಗಳ ನಡು ಆಸ್ಪದವೀಯದಷ್ಟು ಸಣ್ಣದು.

ಹಾಗಾದರೆ ಒಂದು ಸಾಧು, ಇನ್ನೊಂದು ಕ್ರೂರಿಯೇ? ಸ್ವಭಾವದ ಮಾತಲ್ಲವಿದು, ಸಂಸಾರದ ಲೆಕ್ಕ. ಒಂಟಿ ತಾಯಿ ಸತ್ತರೆ ತೋಡಬೇಕಾದ ಕೋಣೆಗಳು, ಇಡಬೇಕಾದ ಮೊಟ್ಟೆಗಳು ಅಲ್ಲಿಗೇ ಮುಗಿದವು. ಆದುದರಿಂದ ಅದು ಕಾದುವುದಕ್ಕಿಂತ ಹಾರಿಹೋಗುವುದನ್ನೇ ಮೇಲೆಂದೆಣಿಸುತ್ತದೆ. ಕಡಜದ ಆಳೊಂದು ಸತ್ತರೂ ಗೂಡು ಉಳಿಯುತ್ತದೆ. ಒಟ್ಟಾಗಿ ಕಾಯಬೇಕಾದ ಮರಿಗಳೂ ಅಲ್ಲಿ ಅನೇಕ. ಹಲವು ಕಡಜಗಳಲ್ಲಿ ಕುಟುಕಿದಾಗ ಹೊಮ್ಮುವ ವಾಸನೆಯೇ ಉಳಿದವುಗಳಿಗೆ ಕರೆಯೋಲೆ. ಗೂಡಿಗೆ ಕಲ್ಲೆಸೆದ ಬಾಲಕನನ್ನು ಹಿಂಡೇ ಬೆನ್ನಟ್ಟುವುದು ಇದರಿಂದಲೇ. ಹಲವು ಕಡೆ ಕುಟುಕಿದ್ದರೆ, ಅಥವಾ ಒಂದೇ ಕಡೆಯಾದರೂ ಉಸಿರು ಕಟ್ಟಿದರೆ, ಮನೆಮದ್ದಿನಲ್ಲಿ ಹೊತ್ತುಗಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಕವಿಗಳು ದುಂಬಿಯನ್ನು ಕಮಲದಲ್ಲಿ ಸೆರೆಯಿಟ್ಟು ದಣಿದರೇ ಹೊರತು ಬದನೆಯ ಹೂವಿನಲ್ಲಿ ಅದರ ದುಡಿಮೆಯನ್ನು ಕಂಡಂತಿಲ್ಲ. ಬದನೆಯ ಪರಾಗಕೋಶಕ್ಕೆ ತುದಿಯಲ್ಲಷ್ಟೇ ಸಣ್ಣ ರಂಧ್ರ. ದುಂಬಿ ಹೂವನ್ನಪ್ಪಿ ರೆಕ್ಕೆಯ ಸ್ನಾಯುಗಳನ್ನು ಕಂಪಿಸಿದಾಗ ಪರಾಗ ಉದುರುತ್ತದೆ. ಸಾಕುಜೇನಿಗೆ ಈ ವಿದ್ಯೆ ತಿಳಿಯದು. ತೊಲೆಯ ಚಿಂತೆಯುಳ್ಳವರು ಅದಕ್ಕೆ ಬಣ್ಣ ಬಳಿದು, ತೋಟದ ಬೇಲಿಯಲ್ಲಿ ಒಣಬಿದಿರಿನ ತುಂಡುಗಳನ್ನು ಕಟ್ಟಿಡಬಹುದು.