ಅರ್ಧ ಕುರ್ಚಿ

ಪ್ರಜಾಪ್ರಭುತ್ವದಲ್ಲಿ ಮತದಾರರು ತಮ್ಮ ಪ್ರತಿನಿಧಿಗೆ ಸದನದಲ್ಲಿ ಸ್ಥಾನವನ್ನು ಕೊಡಬಲ್ಲರು. ಆ ಸ್ಥಾನಕ್ಕೆ ತಕ್ಕ ಮನ್ನಣೆಯನ್ನು ಪ್ರತಿನಿಧಿಯಾದವರು ಕೆಲವೊಮ್ಮೆ ದೀರ್ಘಕಾಲ ದುಡಿದು ಗಳಿಸಬೇಕಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪ್ಯಾಟ್ರೀಷಿಯಾ ಶ್ರೋಡರ್ ಅವರ ಸಾರ್ವಜನಿಕ ಜೀವನ ಇದಕ್ಕೊಂದು ನಿದರ್ಶನ.

ಆ ದೇಶದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ನಮ್ಮಲ್ಲಿರುವಂತೆ ಅದು ರಾಜಕೀಯ ಪಕ್ಷವೊಂದರ ಹೆಸರಲ್ಲ. ಸೆನೆಟ್ ಅದರ ಮೇಲ್ಮನೆ. ಪ್ರತಿನಿಧಿ ಸಭೆ ಕೆಳಮನೆ. ಕೆಳಮನೆಯ 435 ಸದಸ್ಯರೂ ಎರಡು ವರ್ಷಗಳಿಗೊಮ್ಮೆ ಚುನಾವಣೆಯನ್ನು ಎದುರಿಸಬೇಕು.

1940ರಲ್ಲಿ ಜನಿಸಿದ ಶ್ರೋಡರ್ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾನೂನನ್ನು ಅಭ್ಯಸಿಸಿದರು. 1972ರಲ್ಲಿ ಕೊಲರಾಡೊ ರಾಜ್ಯದ ಡೆನ್ವರ್ ನಗರದಿಂದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಗೆದ್ದು, ಆ ರಾಜ್ಯದಿಂದ ಕೆಳಮನೆಗೆ ಆಯ್ಕೆಯಾದ ಮೊದಲ ಮಹಿಳೆಯೆನಿಸಿದರು. ಆಗ ಅವರಿಗೆ ಮೂವತ್ತೆರಡು ವರ್ಷ. ಮನೆಯಲ್ಲಿ ಇಬ್ಬರು ಎಳೆಯ ಮಕ್ಕಳು. ತಾಯಿಯಾದವರು ಸಂಸತ್ತಿನ ಹೊಣೆಯನ್ನು ಹೇಗೆ ನಿರ್ವಹಿಸುವರೆಂದು ಕೇಳಿದವರುಂಟು. ಸದನದಲ್ಲಿದ್ದ ತಂದೆಯರಿಗೆ ಅಂಥ ಪ್ರಶ್ನೆ ಎದುರಾಗುತ್ತಿರಲಿಲ್ಲ.

ಮಸೂದೆಗಳ ಸೂಕ್ಷ್ಮ ಪರಿಶೀಲನೆ ನಡೆಯುವುದು ಸದನದ ಸಮಿತಿಗಳಲ್ಲಿ. 1973ರಲ್ಲಿ ಶ್ರೋಡರ್ ಸಶಸ್ತ್ರ ಪಡೆಗಳ ಸಮಿತಿಯನ್ನು ಸೇರಿದರು. ಕಪ್ಪು ಜನಾಂಗಕ್ಕೆ ಸೇರಿದ ರಾನ್ ಡೆಲ್ಲಮ್ಸ್ ಅವರೂ ಆಗಲೇ ಅಲ್ಲಿಗೆ ಬಂದರು. ಸಮಿತಿಯ ಅಧ್ಯಕ್ಷರಿಗೆ ಇವರಿಬ್ಬರ ನೇಮಕವೂ ಹಿಡಿಸಲಿಲ್ಲ. ಮಹಿಳೆಯೂ ಕಪ್ಪು ಜನಾಂಗದವರೂ ತಲಾ ಅರ್ಧ ಸದಸ್ಯರಿಗೆ ಸಮವೆಂದು ಬಗೆದು, ಇಬ್ಬರಿಗೂ ಸೇರಿ ಒಂದೇ ಕುರ್ಚಿಯನ್ನು ಹಾಕಿಸಿದರೆಂದು ಶ್ರೋಡರ್ ಮುಂದೆ ಹೇಳಿಕೊಂಡಿದ್ದಾರೆ. ಅವರಿಬ್ಬರೂ ಹೊರನಡೆಯಲಿಲ್ಲ, ಆ ಒಂದೇ ಕುರ್ಚಿಯಲ್ಲಿ ಒತ್ತಾಗಿ ಕುಳಿತರು. 1975ರಲ್ಲಿ ಆ ಅಧ್ಯಕ್ಷರನ್ನು ಸ್ವಪಕ್ಷದ ಸದಸ್ಯರೇ ಪದಚ್ಯುತಗೊಳಿಸಿದರು. ಶ್ರೋಡರ್ ಸಮಿತಿಯಲ್ಲಿ ಉಳಿದರು. ಮಹಿಳೆಯರು ಯುದ್ಧವಿಮಾನಗಳನ್ನು ನಡೆಸಲು ಅಡ್ಡಿಯಾಗಿದ್ದ ಕಾನೂನು 1991ರಲ್ಲಿ ರದ್ದಾಗುವುದಕ್ಕೆ ಅವರ ಪ್ರಯತ್ನವೂ ಕಾರಣವಾಯಿತು.

ಅವರ ಹೆಸರನ್ನು ಉಳಿಸಿದ ಮತ್ತೊಂದು ಕಾರ್ಯ ಕುಟುಂಬ ರಜೆಯ ಕಾನೂನು. ಹೆರಿಗೆಗಾಗಿಯೋ ಕಾಯಿಲೆಯ ತಂದೆತಾಯಿಗಳ ಶುಶ್ರೂಷೆಗಾಗಿಯೋ ರಜೆ ಪಡೆದವರಿಗೆ, ಮರಳಿ ಬಂದಾಗ ಕೆಲಸ ಉಳಿದಿರುವುದೆಂಬ ಭರವಸೆ ಆ ದೇಶದ ರಾಷ್ಟ್ರೀಯ ಕಾನೂನಿನಲ್ಲಿರಲಿಲ್ಲ. ಇದಕ್ಕಾಗಿ 1985ರಲ್ಲಿ ಶ್ರೋಡರ್ ಮಸೂದೆಯನ್ನು ಮಂಡಿಸಿದರು. ಇದು ತಮಗೆ ಹೊರೆಯಾಗುವುದೆಂದು ಉದ್ಯಮಿಗಳು ವಿರೋಧಿಸಿದರು. ಸಂಸತ್ತು ಒಪ್ಪಿಗೆಯಿತ್ತರೂ 1990 ಮತ್ತು 1992ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅದನ್ನು ತಿರಸ್ಕರಿಸಿದರು. ಕೊನೆಗೆ 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅಂಕಿತ ಹಾಕಿದರು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಅರ್ಹರಾದವರಿಗೆ ವರ್ಷಕ್ಕೆ ಹನ್ನೆರಡು ವಾರಗಳ ರಜೆ ದೊರೆಯಿತು. ಅದು ವೇತನರಹಿತವಾದ ರಜೆ. ಆದ್ದರಿಂದ ಬಡವರಿಗೆ ಅದರ ಪ್ರಯೋಜನವನ್ನು ಪಡೆಯುವುದು ಸುಲಭವಾಗಿರಲಿಲ್ಲ. ಆದರೂ ಶಿಶುವನ್ನೋ ಉದ್ಯೋಗವನ್ನೋ ಆರಿಸಿಕೊಳ್ಳಬೇಕಾದ ಸಂಕಟ ಅನೇಕ ಕುಟುಂಬಗಳಿಗೆ ತಪ್ಪಿತು.

ಹನ್ನೆರಡು ಚುನಾವಣೆಗಳಲ್ಲಿ ಒಮ್ಮೆಯೂ ಸೋಲದ ಶ್ರೋಡರ್ 1996ರಲ್ಲಿ ಮತ್ತೆ ಸ್ಪರ್ಧಿಸಲಿಲ್ಲ. 1997ರ ಜನವರಿಯಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಸ್ವಇಚ್ಛೆಯಿಂದ ಸದನವನ್ನು ಬಿಟ್ಟರು. ಬಳಿಕ ಅಮೆರಿಕದ ಪ್ರಕಾಶಕರ ಸಂಘದ ಮುಖ್ಯಸ್ಥೆಯಾಗಿ ದುಡಿದರು. 1998ರಲ್ಲಿ ಪ್ರಕಟವಾದ ಆತ್ಮಕಥನಕ್ಕೆ ಅವರಿಟ್ಟ ಹೆಸರಿನ ಭಾವ ಹೀಗಿದೆ: ಇಪ್ಪತ್ತನಾಲ್ಕು ವರ್ಷ ಮನೆಗೆಲಸ ಮಾಡಿದರೂ ಮನೆ ಇನ್ನೂ ಅಸ್ತವ್ಯಸ್ತವಾಗಿಯೇ ಇದೆ! ಕನ್ನಡದಲ್ಲಿ ನಾವು ಕೆಳಮನೆ, ಮೇಲ್ಮನೆ ಎನ್ನುವಂತೆ ಅವರ ನುಡಿಯಲ್ಲಿಯೂ ಸದನವನ್ನು ಮನೆಯೆಂದೇ ಕರೆಯುತ್ತಾರೆ. ಆದುದರಿಂದ ಆ ವಿನೋದ ನಮಗೂ ಸುಲಭವಾಗಿ ತಿಳಿಯುತ್ತದೆ.

ಶ್ರೋಡರ್ 2023ರಲ್ಲಿ ನಿಧನರಾದರು. ಮನೆಗೆಲಸ ಒಂದು ದಿನಕ್ಕೆ ಮುಗಿಯುವಂಥದಲ್ಲ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಬೇಕು. ನಾಡಿನ ಕೆಲಸವೂ ಹಾಗೆಯೇ. ಅರ್ಧ ಕುರ್ಚಿಯಲ್ಲಿ ಕುಳಿತು ಅದನ್ನು ಆರಂಭಿಸಿದವರು, ತಮ್ಮ ಪಾಲಿನದನ್ನು ಪೂರೈಸಿ, ತಾವಾಗಿಯೇ ಎದ್ದು ಬೇರೆಯವರಿಗೆ ಎಡೆಮಾಡಿಕೊಟ್ಟರು.